‘ಆಗಲ್ಲ’ ಎಂದಿದ್ದಕ್ಕೆ ದಂಡವೇ? ಒಬ್ಬ ವ್ಯವಸ್ಥಾಪಕ ನಿರ್ದೇಶಕರಿಗೆ ಬಹಿರಂಗ ಪತ್ರ

ಮಾನ್ಯ ವ್ಯವಸ್ಥಾಪಕ ನಿರ್ದೇಶಕರೇ,

ತಮ್ಮ ಹೆಸರನ್ನಾಗಲಿ ಕಂಪನಿಯ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಓದಿದರೆ ಯಾರಿಗೆ ಬರೆದದ್ದೆಂದು ತಮಗೆ ತಿಳಿಯುತ್ತದೆ. ನಮ್ಮ ಬಿಲ್ಲಿನಲ್ಲಿ ಹಣ ಹಿಡಿದ ವಿಷಯವನ್ನು ಪ್ರಾಜೆಕ್ಟ್ ಮ್ಯಾನೇಜರಿಗೆ ಬಾಯಲ್ಲಿ ಹೇಳಿದೆ, ಪ್ಲಾನಿಂಗ್ ವಿಭಾಗಕ್ಕೆ ಬರೆದುಕೊಟ್ಟೆ, ಹೆಡ್ ಆಫೀಸಿಗೆ ಇಮೇಲ್ ಕಳಿಸಿದೆ. ‘ಸಂಬಂಧಪಟ್ಟವರಿಗೆ ರವಾನಿಸಲಾಗಿದೆ’ ಎಂದು ಒಂದು ಸಾಲಿನ ಉತ್ತರ ಬಂತು. ಆ ಸಂಬಂಧಪಟ್ಟವರು ಮತ್ತೆ ಅದೇ ಪ್ರಾಜೆಕ್ಟ್ ಮ್ಯಾನೇಜರ್. ತಮ್ಮನ್ನು ಕಾಣಲು ಸಮಯ ಕೇಳಿದರೆ, ಸಬ್‌ಕಾಂಟ್ರ್ಯಾಕ್ಟರ್‌ಗಳ ವಿಷಯ ಸೈಟಿನಲ್ಲೇ ಬಗೆಹರಿಸಿಕೊಳ್ಳಿ ಎಂದರು. ಬಗೆಹರಿಯದ್ದರಿಂದ ಹೀಗೆ ಎಲ್ಲರೆದುರು ಬರೆಯಬೇಕಾಗಿದೆ. ಕ್ಷಮಿಸಬೇಕು.

ಬಿ ಬ್ಲಾಕಿನ ನಾಲ್ಕನೇ ಮಹಡಿಯ ಸ್ಲ್ಯಾಬ್ ವಿಷಯ ಗೊತ್ತಿಲ್ಲದವರು ನಿಮ್ಮ ಸೈಟಿನಲ್ಲಿ ಯಾರೂ ಇಲ್ಲ. ಸ್ಲ್ಯಾಬ್ ಒಂದು ವಾರ ತಡವಾಯಿತು. ಆ ತಡಕ್ಕೆ ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಏಜೆನ್ಸಿಯಾದ ನಾವೇ ಕಾರಣವೆಂದು ನಮ್ಮ ಮೇಲೆ ಡೆಬಿಟ್ ನೋಟ್ ಬಂತು, ನಡೆದ ಕೆಲಸಕ್ಕೆ ಹಾಕುವ ಆರ್‌ಎ ಬಿಲ್ಲಿನಲ್ಲಿ ಹಣ ಹಿಡಿದರು, ನಮ್ಮ ಮೇಸ್ತ್ರಿಗೆ ಇನ್ನು ವಾರದ ಕೆಲಸ ಗೊತ್ತುಮಾಡುವ ಸೋಮವಾರದ ಮೀಟಿಂಗಿಗೆ ಬರಬೇಡ ಎಂದರು. ಬಿಲ್ಲಿನಲ್ಲಿ ಹಣ ಹಿಡಿಯುವುದು ಈ ಕಸುಬಿಗೆ ಹೊಸದಲ್ಲ. ಎಷ್ಟೋ ಸಲ ನುಂಗಿಕೊಂಡಿದ್ದೇವೆ. ಈ ಸಲ ನುಂಗಲು ಆಗದಿರುವುದಕ್ಕೆ ಕಾರಣ ತಾವು ಕೊಟ್ಟ ಮಾತು.

ವ್ಯರ್ಥ ಕಡಿಮೆ ಮಾಡುವ ಲೀನ್ ಪದ್ಧತಿ ಶುರುಮಾಡಿದ ದಿನ ತಾವೇ ಸೈಟಿಗೆ ಬಂದಿದ್ದಿರಿ. ಸೈಟ್ ಆಫೀಸಿನ ಗೋಡೆಯ ಉದ್ದಕ್ಕೂ ಬಿಳಿ ಹಾಳೆ ಅಂಟಿಸಿ ಆರು ವಾರದ ಕೆಲಸಕ್ಕೆ ಗೆರೆ ಎಳೆದಿದ್ದರು. ಸೆಂಟ್ರಿಂಗಿನವರಿಗೆ ಹಳದಿ ಚೀಟಿ, ಕಂಬಿ ಕಟ್ಟುವವರಿಗೆ ಹಸಿರು, ಎಲೆಕ್ಟ್ರಿಕಲ್‌ನವರಿಗೆ ಗುಲಾಬಿ. ಅವರವರ ಕೆಲಸವನ್ನು ಅವರವರೇ ಬರೆದು ಅಂಟಿಸಬೇಕು ಎಂದಾಯಿತು. ಆಗ ತಾವು ಎದ್ದು ನಿಂತು ಹೇಳಿದ್ದು ನಮ್ಮ ಹುಡುಗರಿಗೆ ಇವತ್ತಿಗೂ ಬಾಯಿಪಾಠ: ‘ಇನ್ಮೇಲೆ ಪ್ಲಾನ್ ಮೇಲಿಂದ ಬರಲ್ಲ. ಕೆಲಸ ಮಾಡಿಸೋರೇ ಹೇಳಬೇಕು. ಆಗೋದಾದ್ರೆ ಆಗುತ್ತೆ ಅನ್ನಿ, ಆಗದಿದ್ರೆ ಆಗಲ್ಲ ಅನ್ನಿ. ಆಗಲ್ಲ ಅಂದಿದ್ದಕ್ಕೆ ಈ ಸೈಟಲ್ಲಿ ಯಾರ ಬಿಲ್ಲೂ ನಿಲ್ಲಲ್ಲ.’ ನಮ್ಮ ಮೇಸ್ತ್ರಿ ಸಿಂಧನೂರು ಕಡೆಯವರು. ಹಲಗೆಯ ಮೊಳೆ ಕೀಳುವ ಕೆಲಸದಿಂದ ಶುರುಮಾಡಿ ಮೇಲೆ ಬಂದವರು. ದೊಡ್ಡ ಸಾಹೇಬರೊಬ್ಬರು ಮೇಸ್ತ್ರಿಗಳ ಮುಖ ನೋಡಿ ಹೀಗೆ ಮಾತಾಡಿದ್ದನ್ನು ಅವರು ಆವರೆಗೆ ಕಂಡಿರಲಿಲ್ಲ. ಆ ಸಂಜೆಯೇ ಹುಡುಗರನ್ನು ಕೂರಿಸಿಕೊಂಡು ಚೀಟಿ ಬರೆಯುವುದನ್ನು ಕಲಿಸಿದರು.

ಆ ಮಾತನ್ನು ನಾವು ಯಾಕೆ ನಂಬಿದೆವು ಎಂದರೆ, ಈ ಪದ್ಧತಿಯ ಜೀವಾಳವೇ ಅದು ಎಂದು ನಿಮ್ಮ ತರಬೇತುದಾರರೂ ಹೇಳಿದ್ದರು. ಅಮೆರಿಕದ ಗ್ಲೆನ್ ಬಲ್ಲಾರ್ಡ್, ಗ್ರೆಗ್ ಹೊವೆಲ್ ಎಂಬಿಬ್ಬರು ಸೈಟುಗಳಲ್ಲಿ ಕೂತು ಅಳೆದು ನೋಡಿದಾಗ, ಈ ವಾರ ಮುಗಿಸುತ್ತೇವೆಂದು ಒಪ್ಪಿಕೊಂಡ ಕೆಲಸಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟೇ ಮುಗಿಯುತ್ತಿದ್ದವಂತೆ. ಜನ ಸೋಮಾರಿಗಳೆಂದಲ್ಲ. ಡ್ರಾಯಿಂಗ್ ಬಂದಿರುವುದಿಲ್ಲ, ಮಾಲು ಬಂದಿರುವುದಿಲ್ಲ, ಹಿಂದಿನವರ ಕೆಲಸ ಮುಗಿದಿರುವುದಿಲ್ಲ. ಆದರೂ ಮೇಲಿನವರಿಗೆ ಹೆದರಿ ಆಗುತ್ತೆ ಎಂದಿರುತ್ತಾರೆ. ಅದಕ್ಕೇ ಅವರು ‘ಲಾಸ್ಟ್ ಪ್ಲಾನರ್’ ಎಂಬ ಕ್ರಮ ಕಟ್ಟಿದರು. ಅದರಲ್ಲಿ ಕೊನೆಯ ಮಾತು ಕೆಲಸ ಮಾಡಿಸುವ ಮೇಸ್ತ್ರಿಯದು, ಮತ್ತು ಆತ ಇಲ್ಲ ಎನ್ನಬಲ್ಲವನಾಗಿರಬೇಕು. ಇದೇ ವಿಷಯದ ಮೇಲೆ ಬಲ್ಲಾರ್ಡ್ 2000ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಲೀನ್ ಪದ್ಧತಿಗೆ ಮೂಲವಾದ ಟೊಯೋಟಾದಲ್ಲಿ ಲೈನಿನಲ್ಲಿ ನಿಂತ ಕೆಲಸಗಾರ ದೋಷ ಕಂಡರೆ ಹಗ್ಗ ಎಳೆಯುತ್ತಾನೆ, ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಈ ಪದ್ಧತಿ ನೋಡಲು ಜಪಾನಿಗೇ ಹೋಗಬೇಕಿಲ್ಲ. ಆ ಕಂಪನಿಯ ಕಾರುಗಳು 1999ರಿಂದ ನಮ್ಮ ಬಿಡದಿಯಲ್ಲೇ ತಯಾರಾಗುತ್ತಿವೆ.

ಈಗ ಈ ಜಗಳ ಶುರುವಾದ ಸೋಮವಾರದ ಮೀಟಿಂಗಿಗೆ ಬರುತ್ತೇನೆ. ನಮ್ಮದು ಲೇಬರ್ ರೇಟ್ ಗುತ್ತಿಗೆ. ಪ್ಲೈವುಡ್ಡು, ಆಸರೆ ಕೊಡುವ ಜಾಕು ಎಲ್ಲ ಕಂಪನಿಯದ್ದು, ಕೈ ಮಾತ್ರ ನಮ್ಮದು. ಮೊದಲು ಸೈಟಿನಲ್ಲಿ ಮೂರು ಮಹಡಿಗೆ ಸಾಲುವಷ್ಟು ಜಾಕ್‌ಗಳಿದ್ದವು. ಲೀನ್ ಬಂದ ಮೇಲೆ ನಿಮ್ಮ ಪ್ಲಾನಿಂಗ್ ವಿಭಾಗ ಸುಮ್ಮನೆ ನಿಂತ ಮಾಲೆಲ್ಲ ವೇಸ್ಟ್ ಎಂದು ಲೆಕ್ಕ ಹಾಕಿ, ಒಂದು ಸೆಟ್ಟನ್ನು ಲಾರಿಗೆ ತುಂಬಿ ಬೇರೆ ಸೈಟಿಗೆ ಕಳಿಸಿತು. ಆದರೆ ತೊಲೆಯ ಕೆಳಗೆ ನಿಂತ ಜಾಕ್ ಸುಮ್ಮನೆ ನಿಂತಿರುವುದಿಲ್ಲ, ತೊಲೆಯನ್ನು ಹೊತ್ತು ನಿಂತಿರುತ್ತದೆ. ನಾಲ್ಕನೆಯ ಸ್ಲ್ಯಾಬ್ ಶುಕ್ರವಾರ ಹಾಕಬೇಕೆಂದರೆ ಎರಡನೇ ಮಹಡಿಯ ತೊಲೆಗಳ ಜಾಕ್ ಬಿಚ್ಚದೆ ಬೇರೆ ದಾರಿ ಇರಲಿಲ್ಲ. ಆ ತೊಲೆಗಳು ಕಂಬದಿಂದ ಕಂಬಕ್ಕೆ ಏಳು ಮೀಟರ್. ಕಾಂಕ್ರೀಟ್ ಹಾಕಿ ಆಗಿದ್ದದ್ದು 16 ದಿನ. ಆರು ಮೀಟರಿಗಿಂತ ಉದ್ದದ ತೊಲೆಗೆ 21 ದಿನ ಆಸರೆ ಇರಬೇಕೆಂದು ಕಾಂಕ್ರೀಟ್ ಕೆಲಸದ ಸಂಹಿತೆ ಐಎಸ್ 456 ಹೇಳುತ್ತದೆ. ಅದೂ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ. ನಮ್ಮ ಸೈಟಿಗೆ ಬರುವುದು ಹಾರುಬೂದಿ ಬೆರೆಸಿದ ಕಾಂಕ್ರೀಟ್, ಅದು ಗಟ್ಟಿಯಾಗಲು ಇನ್ನಷ್ಟು ದಿನ ಬೇಕು.

ಮೇಸ್ತ್ರಿ ಹಟ ಹಿಡಿಯಲಿಲ್ಲ. ದಿನದ ಲೆಕ್ಕ ಬಿಡುವುದಾದರೆ ಕಾಂಕ್ರೀಟಿನ ಬಲ ಅಳೆದ ಕ್ಯೂಬ್ ರಿಪೋರ್ಟ್ ತೋರಿಸಿ, ಸ್ಟ್ರಕ್ಚರಲ್ ಇಂಜಿನಿಯರ್ ಕೈಯಲ್ಲಿ ಬರೆಸಿಕೊಡಿ, ಬಿಚ್ಚುತ್ತೇನೆ ಎಂದರು. ಅದೆರಡೂ ಇಲ್ಲದಿದ್ದರೆ ಬಾಡಿಗೆಗೆ ಜಾಕ್ ತರಿಸಿ ಎಂದರು. ಮೂರಕ್ಕೂ ಉತ್ತರ ಬರಲಿಲ್ಲ. ಆಗ ಹಳದಿ ಚೀಟಿಯ ಮೇಲೆ ‘ಶುಕ್ರವಾರ ಆಗಲ್ಲ, ಜಾಕ್ ಇಲ್ಲ’ ಎಂದು ಬರೆದು ಅಂಟಿಸಿದರು. ಪ್ರಾಜೆಕ್ಟ್ ಮ್ಯಾನೇಜರ್ ಎದ್ದು ಬಂದು ಆ ಚೀಟಿಯನ್ನು ಗೋಡೆಯಿಂದ ಕಿತ್ತು, ಮುದುರಿ ಎಸೆದು, ಹೊಸ ಚೀಟಿ ಕೈಗೆ ಕೊಟ್ಟು ‘ಆಗುತ್ತೆ ಅಂತ ಬರಿ’ ಎಂದರು. ಮಗನ ವಯಸ್ಸಿನ ಇಂಜಿನಿಯರುಗಳೆಲ್ಲ ನೋಡುತ್ತಿದ್ದರು. ಮೇಸ್ತ್ರಿ ಬರೆಯಲಿಲ್ಲ. ಚೀಟಿಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದರು.

ಕೊನೆಗೆ ಕಂಪನಿ ಜಾಕ್ ಬಾಡಿಗೆಗೆ ತಂದಿತು, ಮುಂದಿನ ವಾರ ಸ್ಲ್ಯಾಬ್ ಆಯಿತು. ಎಂದರೆ ಮೇಸ್ತ್ರಿ ಹೇಳಿದ್ದೇ ಆಯಿತು. ಆ ವಾರದ ಹಾಳೆಯ ಕಾರಣದ ಕಾಲಮ್ಮಿನಲ್ಲಿ ಮಾತ್ರ ‘ಏಜೆನ್ಸಿ ವಿಳಂಬ’ ಎಂದು ಬರೆದಿದ್ದಾರೆ. ಒಂದು ಕೆಲಸ ತಪ್ಪಿದರೆ ಯಾಕೆ ಯಾಕೆ ಎಂದು ಐದು ಸಲ ಕೇಳಿ ಬೇರಿಗೆ ಇಳಿಯಬೇಕೆಂದು ನಮಗೆ ಕಲಿಸಿದವರು ನೀವು. ಎರಡನೇ ಸಲ ಯಾಕೆ ಎಂದಿದ್ದರೆ ಲಾರಿಗೆ ತುಂಬಿದ ಜಾಕ್‌ಗಳ ಗೇಟ್‌ಪಾಸ್ ಸಿಗುತ್ತಿತ್ತು. ಅದರ ಮೇಲೆ ನಿಮ್ಮ ಕಂಪನಿಯವರದೇ ಸಹಿ ಇದೆ.

ಆಗಲ್ಲ ಅಂದಿದ್ದಕ್ಕೆ ಯಾರ ಬಿಲ್ಲೂ ನಿಲ್ಲಲ್ಲ ಎಂದಿದ್ದಿರಿ. ನಮ್ಮ ಬಿಲ್ ನಿಂತದ್ದು ಆಗಲ್ಲ ಎಂದಿದ್ದಕ್ಕೇ. ಇದಕ್ಕೆ ನೀವು ಏನು ಹೇಳುತ್ತೀರಿ? ಗೊತ್ತಿರಲಿಲ್ಲ ಎನ್ನುವಂತಿಲ್ಲ, ನನ್ನ ಇಮೇಲ್ ನಿಮ್ಮ ಆಫೀಸಿಗೆ ಬಂದಿದೆ. ಇನ್ನು ಆ ಗೋಡೆಯ ಮುಂದೆ ನಿಂತು ಯಾವ ಮೇಸ್ತ್ರಿ ನಿಜ ಹೇಳುತ್ತಾನೆ? ಎಲೆಕ್ಟ್ರಿಕಲ್‌ನವರು, ಪ್ಲಂಬಿಂಗ್‌ನವರು ಈಗ ಕೇಳಿದ ಕೂಡಲೇ ಆಗುತ್ತೆ ಎಂದು ಬರೆಯುತ್ತಿದ್ದಾರೆ. ಒಪ್ಪಿಕೊಂಡ ಕೆಲಸಗಳ ಲೆಕ್ಕ ಹೆಡ್ ಆಫೀಸಿನ ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತಿರಬೇಕು. ಕೆಲಸ ಹಾಗಿಲ್ಲ.

ವ್ಯರ್ಥದ ಮಾತಿಗೆ ಬರೋಣ. ಟೊಯೋಟಾದ ತೈಚಿ ಓನೊ ಹೇಳಿದ ಏಳು ಬಗೆಯ ವ್ಯರ್ಥಗಳಲ್ಲಿ ಹೆಚ್ಚುವರಿ ಮಾಲು ಒಂದು, ಕಾಯುವುದು ಇನ್ನೊಂದು. ನಿಮಗೆ ಕಂಡದ್ದು ಮಾಲು ಮಾತ್ರ. ನಮ್ಮ ಹುಡುಗರು ಬೆಳಿಗ್ಗೆ ಎಂಟಕ್ಕೆ ಬಂದು, ಎಲೆಕ್ಟ್ರಿಕಲ್ ಪೈಪ್ ಬರಲಿ, ಡ್ರಾಯಿಂಗ್ ತಿದ್ದಿ ಬರಲಿ, ಚೆಕಿಂಗಿಗೆ ಇಂಜಿನಿಯರ್ ಬರಲಿ ಎಂದು ಮಧ್ಯಾಹ್ನದವರೆಗೆ ಕೂರುವುದು ನಿಮ್ಮ ಯಾವ ಹಾಳೆಯಲ್ಲೂ ಬರುವುದಿಲ್ಲ. ಯಾಕೆಂದರೆ ಆ ಹಾಜರಿಯ ಕೂಲಿ ಕೊಡುವವನು ನಾನು. ನಿಮ್ಮ ಸೈಟಿನ ವ್ಯರ್ಥ ಕಡಿಮೆಯಾಗಿಲ್ಲ, ನಿಮ್ಮ ಲೆಕ್ಕದಿಂದ ನಮ್ಮ ಲೆಕ್ಕಕ್ಕೆ ಬಂದಿದೆ.

ಇದು ನಿಮ್ಮೊಬ್ಬರ ಕಂಪನಿಯ ಕಥೆಯೂ ಅಲ್ಲ. ಬೆಂಗಳೂರಿನ ದೊಡ್ಡ ಸೈಟುಗಳಲ್ಲಿ ಕೆಲಸ ನಡೆಸುವವರು ನಮ್ಮಂಥ ಸಣ್ಣ ಗುತ್ತಿಗೆದಾರರು, ರಾಯಚೂರು–ಯಾದಗಿರಿಯಿಂದ, ಬಿಹಾರ–ಬಂಗಾಳದಿಂದ ಬಂದ ಹುಡುಗರು. ಬಿಲ್ ಹಾಕಿದ ಮೇಲೆ ಅಳತೆಗೆ ಒಂದು ತಿಂಗಳು, ಸಹಿಗೆ ಒಂದು ತಿಂಗಳು, ಹಿಡಿದಿಟ್ಟ ರಿಟೆನ್ಷನ್ ಹಣ ಯಾವಾಗ ಬರುತ್ತದೆಂದು ಹೇಳುವವರೇ ಇಲ್ಲ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಇದೆ. ಕಾಮಗಾರಿ ಗುತ್ತಿಗೆ ಅದರಡಿ ಬರುವುದಿಲ್ಲವೆಂದು ವಾದಿಸಲು ಕಂಪನಿಗಳ ಬಳಿ ವಕೀಲರಿದ್ದಾರೆ. ಹಣದ ಮಾತು ಒಂದಾದರೆ, ಜೀವದ ಮಾತು ಇನ್ನೊಂದು. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ, 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡಗಳೇ ಕುಸಿದು ಜನ ಸತ್ತರು. ಅವುಗಳ ಕಾರಣ ಬೇರೆ ಬೇರೆ, ನಿಮ್ಮ ಸೈಟಿಗೆ ಅವನ್ನು ಹೋಲಿಸುವುದಿಲ್ಲ. ಆದರೆ ಕಟ್ಟುವ ಕಟ್ಟಡದ ಕೆಳಗೆ ಇರುವವರು ನಮ್ಮ ಜನ. ಅಲ್ಲಿ ನಿಂತವನಿಗೆ ಆಗಲ್ಲ ಎನ್ನುವ ಹಕ್ಕು ಇಲ್ಲವೆಂದರೆ ಇನ್ಯಾರಿಗಿದೆ?

ನನಗೆ ಬೇಕಾದದ್ದು ಇಷ್ಟು. ಡೆಬಿಟ್ ನೋಟ್ ರದ್ದಾಗಬೇಕು, ಹಿಡಿದ ಹಣ ಈ ಬಿಲ್ಲಿನಲ್ಲೇ ಬರಬೇಕು. ಆ ವಾರದ ಹಾಳೆಯಲ್ಲಿ ‘ಏಜೆನ್ಸಿ ವಿಳಂಬ’ ಎಂಬುದನ್ನು ಹೊಡೆದು ‘ಕಂಪನಿ ಜಾಕ್ ಕೊಡಲಿಲ್ಲ’ ಎಂದು ಬರೆಯಬೇಕು. ಮೇಸ್ತ್ರಿಯನ್ನು ಮೀಟಿಂಗಿಗೆ ಕರೆಯಬೇಕು, ಚೀಟಿ ಕಿತ್ತವರೇ ಕರೆಯಬೇಕು. ಕ್ಯೂಬ್ ರಿಪೋರ್ಟೂ ಇಂಜಿನಿಯರ್ ಸಹಿಯೂ ಇಲ್ಲದೆ ಅವಧಿಗೆ ಮುಂಚೆ ಯಾವ ತೊಲೆಯ ಜಾಕನ್ನೂ ಬಿಚ್ಚಿಸುವುದಿಲ್ಲವೆಂದು ನಿಮ್ಮ ಸಹಿಯಲ್ಲಿ ಸುತ್ತೋಲೆ ಬರಬೇಕು. ನಮ್ಮೊಬ್ಬರಿಗೇ ಅಲ್ಲ, ನಿಮ್ಮ ಎಲ್ಲ ಸೈಟಿಗೂ ಬರಬೇಕು. ಬಾಯಿಮಾತು ನಮಗೆ ಇನ್ನು ಸಾಕು.

ಐದನೇ ಮಹಡಿಯ ಸೆಂಟ್ರಿಂಗ್ ನಡೆಯುತ್ತಿದೆ. ಮೂರನೇ ಮಹಡಿಯ ತೊಲೆಗಳ ಜಾಕ್ ಬಿಚ್ಚಿಕೊಡಿ ಎಂದು ಸೈಟ್ ಆಫೀಸಿನಿಂದ ಆಗಲೇ ಫೋನ್ ಬಂದಿದೆ. ಆ ತೊಲೆಗಳಿಗೂ 21 ದಿನ ಆಗಿಲ್ಲ. ರಿಪೋರ್ಟ್ ಬರುವವರೆಗೆ ನಾವು ಬಿಚ್ಚುವುದಿಲ್ಲ.

ಇಂತಿ,
ನಿಮ್ಮ ಬಿ ಬ್ಲಾಕಿನ ಸೆಂಟ್ರಿಂಗ್ ಗುತ್ತಿಗೆದಾರ
ಬೆಂಗಳೂರು