ಗೋಧಿಗೆ ಹೊಟ್ಟೊಂದೇ ಸಾಕೆ?

ಗೋಧಿಯ ಕೂಳೆ, ಹೊಟ್ಟುಗಳನ್ನು ಮಣ್ಣಿಗೆ ಸೇರಿಸುವ ಕೆಲವು ರೈತ ಬಾಂಧವರು ಇನ್ನು ರಂಜಕದ ಗೊಬ್ಬರ ಬೇಕಿಲ್ಲವೆಂದು ವಾದಿಸುತ್ತಾರೆ. ಈ ಲೆಕ್ಕ ಸರಿಯಲ್ಲ. ಒಂದು ಟನ್ ಗೋಧಿ ಕಾಳಿನೊಡನೆ ಸುಮಾರು 3ರಿಂದ 4 ಕಿಲೋ ರಂಜಕ ಪೇಟೆ ಸೇರುತ್ತದೆ. ಅಷ್ಟೇ ತೂಕದ ಹೊಟ್ಟಿನಲ್ಲಿರುವುದು ಸಾಮಾನ್ಯವಾಗಿ ಒಂದು ಕಿಲೋ ಅಥವಾ ಅದಕ್ಕೂ ಕಡಿಮೆ.

ಹಾಗೆಂದು ಕೂಳೆಗೆ ಬೆಂಕಿ ಇಡುವುದನ್ನು ನಾನು ಒಪ್ಪಲಾರೆ. ಗಾಳಿ ಹೊತ್ತೊಯ್ಯದಿದ್ದರೆ ರಂಜಕವೇನೋ ಬೂದಿಯಲ್ಲಿ ಉಳಿದೀತು. ಸಾರಜನಕ, ಗಂಧಕಗಳ ಬಹುಪಾಲು ಹೊಗೆಯೊಡನೆ ಹೋಗುತ್ತದೆ. ನಮ್ಮ ದನಗಳಿಗೂ ಜೋಳದ ಕಣಿಕಿಯೇ ರುಚಿ, ಗೋಧಿ ಹೊಟ್ಟು ಅಷ್ಟಕ್ಕಷ್ಟೆ. ಅದು ಮಣ್ಣಿಗೇ ಸೇರಲಿ.

ಧಾರವಾಡ, ವಿಜಯಪುರ ಕಡೆಯ ಎರೆಭೂಮಿಯಲ್ಲಿ ಸುಣ್ಣದ ಅಂಶ ಹೆಚ್ಚು. ಹಾಕಿದ ರಂಜಕ ಅದರೊಡನೆ ಕಟ್ಟಿಕೊಂಡು ಬೇರಿಗೆ ದಕ್ಕದಂತಾಗುತ್ತದೆ. ಬಿದ್ದ ಜಾಗದಿಂದ ಹೆಚ್ಚು ಕದಲುವುದೂ ಇಲ್ಲ. ಆದ್ದರಿಂದ ಹೊಟ್ಟಿನ ಮೇಲೆ ಡಿಎಪಿ ಎರಚುವುದು ಹಣ ಚೆಲ್ಲಿದಂತೆ. ಬಿತ್ತುವಾಗಲೇ ಗೊಬ್ಬರದ ಕೂರಿಗೆಯಿಂದ ಬೀಜಕ್ಕೆ ತಾಗದಂತೆ, ಅದಕ್ಕಿಂತ ಎರಡು ಬೆರಳು ಕೆಳಗೆ ಬೀಳಲಿ. ಕೊಳೆಯುವ ಹೊಟ್ಟು ಮೊದಲ ಕೆಲವು ವಾರ ಸಾರಜನಕವನ್ನು ತಾನೇ ಹಿಡಿದಿಡುವುದರಿಂದ ಬಿತ್ತನೆ ಕಾಲದ ಸಾರಜನಕವನ್ನೂ ತಪ್ಪಿಸಬಾರದು.

ಹಲವು ವರ್ಷ ಹೊಟ್ಟು ಸೇರಿದ ಹೊಲದಲ್ಲಿ ರಂಜಕವನ್ನು ಸ್ವಲ್ಪ ತಗ್ಗಿಸಲು ಸಾಧ್ಯವಾಗಬಹುದು. ಎಷ್ಟೆಂಬುದು ಮಣ್ಣು ಪರೀಕ್ಷೆಯಿಂದ ತಿಳಿಯಬೇಕು. ಮಾದರಿಯನ್ನು ಬಿತ್ತನೆಗೆ ಮುಂಚೆ, ಗೊಬ್ಬರ ಹಾಕುವ ಮೊದಲೇ ತೆಗೆಯಿರಿ.