‘ಬಂಜೆ’ ಎಂಬ ಶಬ್ದಕ್ಕೆ ಪುಲ್ಲಿಂಗವೇನು?

ಅನ್ಯಲಿಂಗ ರೂಪ ಕೊಡಿರೆಂಬ ಪ್ರಶ್ನೆಗೆ ಜಾಣ–ಜಾಣೆ, ಅರಸ–ಅರಸಿ ಎಂದು ಸಲೀಸಾಗಿ ಬರೆದು ಅಂಕ ಗಿಟ್ಟಿಸಿದವರೇ ನಾವೆಲ್ಲರೂ. ಆದರೆ ‘ಬಂಜೆ’ಗೆ ಪುಲ್ಲಿಂಗವೇನೆಂದು ಯಾವ ಪರೀಕ್ಷಕರೂ ಕೇಳಿದಂತಿಲ್ಲ. ನಿಘಂಟಿನಲ್ಲಿ ‘ವಂಧ್ಯ’ ಎಂಬ ಸಂಸ್ಕೃತ ಪದ ಸಿಕ್ಕೀತು. ಸಂತೆಯಲ್ಲಾಗಲಿ ಮದುವೆಯ ಚಪ್ಪರದಲ್ಲಾಗಲಿ ಅದನ್ನು ಆಡುವವರಿಲ್ಲ. ‘ಷಂಡ’ ಎಂಬುದು ಬೈಗುಳ. ಅದರ ಅರ್ಥವೂ ಬೇರೆ. ಮಕ್ಕಳಾಗದಿದ್ದರೆ ದೋಷ ಹೆಣ್ಣಿನದೇ ಎಂದು ನಮ್ಮ ಭಾಷೆಯೇ ಮೊದಲು ತೀರ್ಪು ಕೊಟ್ಟುಬಿಟ್ಟಿದೆ.

ವೈದ್ಯಶಾಸ್ತ್ರ ಈ ತೀರ್ಪನ್ನು ಎಂದೋ ತಳ್ಳಿಹಾಕಿತು. ಮಕ್ಕಳಿಲ್ಲದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆಂಬುದು ಈಗ ವಿವಾದದ ಮಾತಲ್ಲ. ನಾನು ಹೇಳಬೇಕೆಂದಿರುವುದು ಅದಕ್ಕೂ ಹಿಂದಿನ ಸಂಗತಿ: ಗಂಡಿನ ದೋಷದ ಮೂಲ ಕೆಲವೊಮ್ಮೆ ಅವನು ಹುಟ್ಟುವುದಕ್ಕೆ ಮುಂಚಿನ ತಿಂಗಳುಗಳಲ್ಲಿ ಇರಬಹುದು.

ಗರ್ಭದಲ್ಲಿ ಮೊದಲ ಆರು ವಾರ ಗಂಡುಹೆಣ್ಣೆಂಬ ಭೇದ ಅಂಗದಲ್ಲಿ ಕಾಣದು. ಬಳಿಕ ವೃಷಣ ರೂಪುಗೊಂಡು, ಎಂಟನೆಯ ವಾರದ ಸುಮಾರಿಗೆ ಟೆಸ್ಟೊಸ್ಟಿರಾನ್ ಎಂಬ ಹಾರ್ಮೋನನ್ನು ಸ್ರವಿಸತೊಡಗುತ್ತದೆ. ಅದರ ಆಣತಿಯಂತೆ ಗಂಡಿನ ಅಂಗಗಳು ಮೂಡುತ್ತವೆ; ವೃಷಣಗಳು ಹೊಟ್ಟೆಯೊಳಗಿನಿಂದ ಮೆಲ್ಲಮೆಲ್ಲನೆ ಇಳಿದು, ಸಾಮಾನ್ಯವಾಗಿ ಹುಟ್ಟುವ ಹೊತ್ತಿಗೆ ತಮ್ಮ ಚೀಲವನ್ನು ಸೇರುತ್ತವೆ. ಈ ಅವಧಿಯಲ್ಲಿ ಹಾರ್ಮೋನಿನ ವೇಷ ಹಾಕಿದ ರಾಸಾಯನಿಕವೊಂದು ತಾಯಿಯ ರಕ್ತದಿಂದ ಒಳಹೊಕ್ಕರೆ ಕಟ್ಟಡದ ಕೆಲಸ ಕೆಡಬಹುದು. ಕೆಟ್ಟದ್ದು ತಿಳಿಯುವುದು ಇಪ್ಪತ್ತು ಮೂವತ್ತು ವರ್ಷಗಳ ಮೇಲೆ.

ಇದು ಬರಿಯ ಊಹೆಯಲ್ಲ. 1938ರಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಮತ್ತು ಅವರ ಸಂಗಡಿಗರು ಸ್ತ್ರೀ ಹಾರ್ಮೋನಿನಂತೆಯೇ ವರ್ತಿಸುವ ಡೈಎಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ವಸ್ತುವನ್ನು ತಯಾರಿಸಿದರು. ಗರ್ಭಸ್ರಾವವಾಗದಿರಲೆಂದು ಅಮೆರಿಕದಲ್ಲಿ ಇದನ್ನು ಗರ್ಭಿಣಿಯರಿಗೆ ಧಾರಾಳವಾಗಿ ಕೊಡಲಾಯಿತು. ಷಿಕಾಗೋ ನಗರದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಡೀಕ್‌ಮನ್ ಎಂಬ ವೈದ್ಯರು 840 ಗರ್ಭಿಣಿಯರಿಗೆ ಈ ಗುಳಿಗೆಯನ್ನೂ, 806 ಮಂದಿಗೆ ಔಷಧವಿಲ್ಲದ ಹುಸಿಗುಳಿಗೆಯನ್ನೂ ಕೊಟ್ಟು ಹೋಲಿಸಿದರು. 1953ರಲ್ಲಿ ಫಲಿತಾಂಶ ಹೊರಬಿತ್ತು: ಗುಳಿಗೆಯಿಂದ ಯಾವ ಪ್ರಯೋಜನವೂ ಇಲ್ಲ! ಆದರೂ ಕೊಡುವುದು ನಿಲ್ಲಲಿಲ್ಲ. 1971ರಲ್ಲಿ ಬಾಸ್ಟನ್ನಿನ ಹರ್ಬ್‌ಸ್ಟ್ ಮತ್ತು ಸಂಗಡಿಗರು ಅಪರೂಪದ ಯೋನಿ ಕ್ಯಾನ್ಸರಿಗೆ ತುತ್ತಾದ ಎಂಟು ಮಂದಿ ಯುವತಿಯರ ಚರಿತ್ರೆ ವಿಚಾರಿಸಿದಾಗ, ಅವರಲ್ಲಿ ಏಳು ಮಂದಿಯ ತಾಯಂದಿರು ಬಸುರಿಯಾಗಿದ್ದಾಗ ಇದೇ ಔಷಧ ಸೇವಿಸಿದ್ದುದು ತಿಳಿಯಿತು. ಆ ವರ್ಷವೇ ಅಮೆರಿಕದ ಸರ್ಕಾರ ಗರ್ಭಿಣಿಯರಿಗೆ ಅದನ್ನು ಕೊಡಕೂಡದೆಂದು ಎಚ್ಚರಿಸಿತು. ನಿಷ್ಪ್ರಯೋಜಕವೆಂದು ಗೊತ್ತಾದ ಮೇಲೆ ಹದಿನೆಂಟು ವರ್ಷ! ಇದನ್ನು ವಿಜ್ಞಾನದ ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ. ವಿಜ್ಞಾನ ತನ್ನ ಮಾತನ್ನು ಹೇಳಿಯಾಗಿತ್ತು, ಕೇಳುವವರಿರಲಿಲ್ಲ.

ಹೆಣ್ಣುಮಕ್ಕಳ ದುರಂತ ಹೀಗೆ ಬೆಳಕಿಗೆ ಬಂತು. ಅದೇ ಗರ್ಭಗಳಲ್ಲಿ ಬೆಳೆದ ಗಂಡುಮಕ್ಕಳ ಪಾಡೇನು? ಡೀಕ್‌ಮನ್ನರ ದಾಖಲೆಗಳು ಉಳಿದಿದ್ದವು, ಪುಣ್ಯ. 1970ರ ದಶಕದಲ್ಲಿ ಷಿಕಾಗೋದ ವೈದ್ಯರು ಆ ದಾಖಲೆಗಳ ಜಾಡು ಹಿಡಿದು, ಆಗ ತರುಣರಾಗಿದ್ದ ಮಕ್ಕಳನ್ನು ಹುಡುಕಿ ಪರೀಕ್ಷಿಸಿದರು. ಔಷಧದ ಗುಂಪಿನವರಲ್ಲಿ ವೃಷಣಕ್ಕೆ ಅಂಟಿದ ನಾಳದಲ್ಲಿ ನೀರುಗಂಟು, ಬೆಳೆಯದೆ ಉಳಿದ ವೃಷಣ, ಕೆಳಗಿಳಿಯದ ವೃಷಣ ಇವು ಹೆಚ್ಚಾಗಿ ಕಂಡುವು. 1995ರಲ್ಲಿ ಪ್ರಕಟವಾದ ಮರುಪರಿಶೀಲನೆಯಲ್ಲಿ, ಜನನಾಂಗದ ದೋಷಗಳನ್ನು ಹೇಳಿಕೊಂಡವರು ಔಷಧದ ಗುಂಪಿನಲ್ಲಿ ಮೂರು ಪಟ್ಟು. ಹನ್ನೊಂದನೆಯ ವಾರಕ್ಕೆ ಮೊದಲೇ ಔಷಧ ಸೋಕಿದವರಲ್ಲಿ ಇನ್ನೂ ಹೆಚ್ಚು. ಆದರೆ ಮಕ್ಕಳಾಗುವ ಶಕ್ತಿ ಮಾತ್ರ ಕುಂದಿರಲಿಲ್ಲ.

ಈ ಕೊನೆಯ ವಾಕ್ಯವನ್ನು ನಾನು ಮುಚ್ಚಿಡಬಹುದಿತ್ತು. ಲೇಖನದ ಕಾವು ಏರುತ್ತಿತ್ತು. ಆದರೆ ಅರ್ಧ ಸತ್ಯದಿಂದ ಅತ್ತ ‘ಬಂಜೆ’ ಎಂಬ ಶಬ್ದ ಹುಟ್ಟಿದ ಮೇಲೆ ಇತ್ತ ಇನ್ನೊಂದು ಅರ್ಧ ಸತ್ಯ ಬೇಡ. ಮಕ್ಕಳಾದ ಮಾತ್ರಕ್ಕೆ ಹಾನಿಯಾಗಲಿಲ್ಲವೆನ್ನುವುದೂ ಸರಿಯಲ್ಲ. ಇಳಿಯದ ವೃಷಣವನ್ನು ಮಗುವಿಗೆ ಒಂದೂವರೆ ವರ್ಷ ತುಂಬುವುದರೊಳಗೆ ಶಸ್ತ್ರಚಿಕಿತ್ಸೆಯಿಂದ ಇಳಿಸಬೇಕೆನ್ನುತ್ತಾರೆ. ಹಾಗೆಯೇ ಬಿಟ್ಟರೆ ಮುಂದೆ ವೃಷಣದ ಕ್ಯಾನ್ಸರಿನ ಭಯ ಹೆಚ್ಚು. ಈ ದೋಷಕ್ಕೂ ಕ್ಷೀಣ ವೀರ್ಯಕ್ಕೂ ಆ ಕ್ಯಾನ್ಸರಿಗೂ ಗರ್ಭದಲ್ಲೇ ಒಂದು ಸಮಾನ ಮೂಲವಿರಬಹುದೆಂದು ಡೆನ್ಮಾರ್ಕಿನ ಸ್ಕಾಕೆಬೇಕ್ ಮತ್ತು ಸಂಗಡಿಗರು 2001ರಲ್ಲಿ ಸೂಚಿಸಿದರು. ಅದು ಇನ್ನೂ ಚರ್ಚೆಯಲ್ಲಿರುವ ವಾದ.

ಅಮೆರಿಕದ ಕಥೆ ನಮಗೇಕೆಂದು ಮಿತ್ರರು ಕೇಳಬಹುದು. ಕಾಸರಗೋಡಿನ ಪಡ್ರೆ ಕನ್ನಡಿಗರ ಹಳ್ಳಿಯೇ. ಅಲ್ಲಿಯ ಗೇರುತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅಹಮದಾಬಾದಿನ ರಾಷ್ಟ್ರೀಯ ಸಂಸ್ಥೆಯ ವಿಜ್ಞಾನಿಗಳು ಅಲ್ಲಿಯ 117 ಮಂದಿ ಹುಡುಗರನ್ನೂ, ವಿಷ ಸೋಕದ ಬೇರೆ ಕಡೆಯ 90 ಮಂದಿಯನ್ನೂ ಪರೀಕ್ಷಿಸಿ 2003ರಲ್ಲಿ ವರದಿ ಪ್ರಕಟಿಸಿದರು. ವಿಷ ಸೋಕಿದ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು. ವೃಷಣ ಇಳಿಯುವುದಕ್ಕೆ ಸಂಬಂಧಿಸಿದ ಹುಟ್ಟು ದೋಷಗಳು ಇಲ್ಲಿ ನೂರಕ್ಕೆ 5.1, ಅಲ್ಲಿ 1.1. ಆದರೆ ಸಂಖ್ಯೆ ಚಿಕ್ಕದಾದ್ದರಿಂದ ಈ ಅಂತರವನ್ನು ಆಕಸ್ಮಿಕವಲ್ಲವೆಂದು ಖಂಡಿತವಾಗಿ ಹೇಳಲಾಗಲಿಲ್ಲ. ಪರೀಕ್ಷೆಗೆ ಒಪ್ಪದವರಿದ್ದುದೂ ಒಂದು ಕೊರತೆಯೆಂದು ವಿಜ್ಞಾನಿಗಳೇ ಬರೆದಿದ್ದಾರೆ. ಒಪ್ಪದಿದ್ದುದಕ್ಕೆ ಸಂಕೋಚವೇ ಕಾರಣವಾಗಿದ್ದರೆ ನನಗೇನೂ ಆಶ್ಚರ್ಯವಿಲ್ಲ. ಹತ್ತೊಂಬತ್ತು ವರ್ಷದ ನಮ್ಮಲ್ಲಿ ಎಷ್ಟು ಮಂದಿ ಆ ಪರೀಕ್ಷೆಗೆ ಮುಂದೆ ಬಂದೇವು? 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ನಿಷೇಧಿಸಿತು.

‘ಬಂಜೆ’ ಎಂಬ ಮಾತನ್ನು ಸೊಸೆಯಿಂದ ಕಿತ್ತು ಅತ್ತೆಯ ತಲೆಗೆ ಕಟ್ಟುವುದು ನನ್ನ ಉದ್ದೇಶವಲ್ಲ. ಗುಳಿಗೆ ನುಂಗಿದ ತಾಯಿ ವೈದ್ಯರ ಮಾತನ್ನು ನಂಬಿ ನುಂಗಿದಳು; ಪಡ್ರೆಯ ತಾಯಿ ಉಸಿರಾಡಿದಳು, ಅಷ್ಟೆ. ಕೇಳಬೇಕಾದದ್ದು ಕೊಟ್ಟವರನ್ನು, ಸುರಿದವರನ್ನು. ಕೇಳುವುದಕ್ಕೆ ಷಿಕಾಗೋದಲ್ಲಿ ಉಳಿದಂಥ ಕಾಗದ ಬೇಕು. ನಮ್ಮ ಮನೆಗಳಲ್ಲಿ ಮಗ ಹುಟ್ಟಿದ ಘಳಿಗೆ ವಿಘಳಿಗೆಗಳನ್ನು ಬರೆಸಿದ ಜಾತಕ ಅರಿಶಿನ ಹಚ್ಚಿಕೊಂಡು ಪೆಟ್ಟಿಗೆಯ ತಳದಲ್ಲಿರುತ್ತದೆ. ಅದಕ್ಕೆ ಮುಂಚಿನ ಒಂಬತ್ತು ತಿಂಗಳಲ್ಲಿ ತಾಯಿಗೆ ಯಾವ ಔಷಧ ಕೊಟ್ಟರು, ಯಾವಾಗ ಕೊಟ್ಟರು ಎಂಬುದನ್ನು ಬರೆದಿಡಲೆಂದೇ ಸರ್ಕಾರಿ ಆಸ್ಪತ್ರೆಯವರು ತಾಯಿ ಕಾರ್ಡು ಕೊಡುತ್ತಾರೆ. ಹೆರಿಗೆಯಾದ ಮೇಲೆ ಅದು ಎಲ್ಲಿರುತ್ತದೆಂದು ನಮ್ಮ ನಮ್ಮ ತಾಯಂದಿರನ್ನು ಈ ರಜೆಯಲ್ಲಿ ಕೇಳಿ ನೋಡೋಣ. ಸಿಕ್ಕಿದರೆ ಜಾತಕದ ಪೆಟ್ಟಿಗೆಯಲ್ಲಿ ಅದಕ್ಕೂ ಜಾಗ ಮಾಡಬಹುದು.