ದೀಪ ಹಚ್ಚಿದ್ದು ನೀವೇ ಅಲ್ವಾ ಫಾದರ್?



ಈ ತಿಂಗಳು ಇಲ್ಲಿ ಬರೆಯುತ್ತಿರುವುದು ನನ್ನದೇ ಒಂದು ತಪ್ಪಿನ ಬಗ್ಗೆ. ಕೆಲವು ವರ್ಷಗಳ ಹಿಂದೆ ನಾನು ಕಾಸರಗೋಡು ಜಿಲ್ಲೆಯ ಇನ್ನೊಂದು ಇಗರ್ಜಿಯಲ್ಲಿ ಸೇವೆಯಲ್ಲಿದ್ದಾಗ ಪೇಟೆಯಲ್ಲಿ ಹೊಸದಾಗಿ ಒಂದು ಚಿನ್ನದಂಗಡಿ ಆರಂಭವಾಯಿತು. ಅದರ ಪಾಲುದಾರರು ಬಂದು, "ಫಾದರ್, ತಾವು ಬಂದು ಆಶೀರ್ವಾದ ಮಾಡಬೇಕು" ಎಂದು ಕರೆದರು. ಹೋದೆ. ಎಲ್ಲ ಧರ್ಮದ ಹಿರಿಯರೂ ಬಂದಿದ್ದರು. ದೀಪ ಹಚ್ಚಿದೆವು, ಎರಡು ಒಳ್ಳೆಯ ಮಾತು ಆಡಿದೆವು, ಲಾಡು ತಿಂದು ಫೋಟೊ ತೆಗೆಸಿಕೊಂಡೆವು. ಆ ಫೋಟೊ ಮುಂದೆ ಅಂಗಡಿಯ ಕ್ಯಾಲೆಂಡರಿನಲ್ಲೂ ಬಂತು.

ನಮ್ಮ ವಾಳೆಯವರೇ ಒಬ್ಬರು 16 ವರ್ಷ ಕುವೈಟಿನಲ್ಲಿ ದುಡಿದು ಊರಿಗೆ ಮರಳಿದ್ದರು. ಮಗಳ ನರ್ಸಿಂಗ್ ಓದಿಗೆಂದು ತೆಗೆದಿರಿಸಿದ್ದ 4 ಲಕ್ಷ ರೂಪಾಯಿಯನ್ನು ಅದೇ ಅಂಗಡಿಗೆ 'ಪಾಲು' ಎಂದು ಕೊಟ್ಟರು. ಲಕ್ಷಕ್ಕೆ ತಿಂಗಳಿಗೆ 1,500 ರೂಪಾಯಿ ಲಾಭಾಂಶ ಎಂದು ಮಾತಾಗಿತ್ತು. 14 ತಿಂಗಳು ತಪ್ಪದೆ ಬಂತು. 15ನೆಯ ತಿಂಗಳು "ಮುಂದಿನ ವಾರ ಬನ್ನಿ" ಅಂದರು. 17ನೆಯ ತಿಂಗಳು ಅಂಗಡಿಯ ಷಟರ್ ಏಳಲಿಲ್ಲ.

ಒಂದು ಸಂಜೆ ಅವರು ಬಂದು ನನ್ನ ಜಗಲಿಯಲ್ಲಿ ಕುಳಿತರು. ಕೈಯಲ್ಲಿ ಒಂದು ರಸೀದಿ ಮಾತ್ರ. ತುಂಬಾ ಹೊತ್ತು ಸುಮ್ಮನಿದ್ದು ಕೇಳಿದರು: "ದೀಪ ಹಚ್ಚಿದ್ದು ನೀವೇ ಅಲ್ವಾ ಫಾದರ್? ಹಾಗಾಗಿ ಧೈರ್ಯದಲ್ಲಿ ಕೊಟ್ಟೆ." ನನಗೆ ಉತ್ತರ ಕೊಡಲಾಗಲಿಲ್ಲ.

ಸೆಮಿನರಿಯಲ್ಲಿ ನಮಗೆ ತತ್ವಶಾಸ್ತ್ರ, ದೈವಶಾಸ್ತ್ರ ಎರಡನ್ನೂ ಚೆನ್ನಾಗಿಯೇ ಕಲಿಸಿದ್ದರು. ಬಡ್ಡಿ ಲೆಕ್ಕ ಮಾತ್ರ ಕಲಿಸಿರಲಿಲ್ಲ. ಬ್ಯಾಂಕ್ ಮ್ಯಾನೇಜರರಾಗಿ ನಿವೃತ್ತರಾಗಿ ಈಗ ಜನರಿಗೆ ಹಣಕಾಸಿನ ಸಲಹೆ ಕೊಡುವ ಪರಿಚಿತರೊಬ್ಬರ ಬಳಿ ಆ ರಸೀದಿಯನ್ನು ತೆಗೆದುಕೊಂಡು ಹೋದೆ. ಅವರು ಮದುವೆ ಕಾಗದವೊಂದರ ಹಿಂದೆ ಲೆಕ್ಕ ಹಾಕಿದರು. ಲಕ್ಷಕ್ಕೆ ತಿಂಗಳಿಗೆ 1,500 ಎಂದರೆ ವರ್ಷಕ್ಕೆ ಶೇಕಡಾ 18. 72 ಎಂಬ ಸಂಖ್ಯೆಯನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣ ಸುಮಾರು ಎಷ್ಟು ವರ್ಷದಲ್ಲಿ ಎರಡು ಪಟ್ಟಾಗುತ್ತದೆ ಎಂದು ತಿಳಿಯುತ್ತದೆ. 18 ಆದರೆ ನಾಲ್ಕೇ ವರ್ಷ. 2020ರ ಏಪ್ರಿಲ್‌ನಲ್ಲಿ ಶೇಕಡಾ 7.1ಕ್ಕೆ ಇಳಿದ ಅಂಚೆ ಕಚೇರಿಯ ಪಿಪಿಎಫ್‌ನಲ್ಲಾದರೆ ಹತ್ತು ವರ್ಷ ಬೇಕು. "ಬ್ಯಾಂಕಿನಲ್ಲಿ ಇದಕ್ಕಿಂತ ಕಡಿಮೆ ಬಡ್ಡಿಗೆ ಸಾಲ ಸಿಗುವಾಗ ಅಂಗಡಿಯವನು ನಿಮ್ಮ ಹತ್ತಿರ ಯಾಕೆ ಬಂದ ಫಾದರ್? ಬ್ಯಾಂಕು ಕೊಡಲಿಲ್ಲ, ಅಥವಾ ಬ್ಯಾಂಕಿಗೆ ಲೆಕ್ಕ ತೋರಿಸಲು ಅವನಿಗೆ ಮನಸ್ಸಿಲ್ಲ" ಎಂದರು.

ಅವರು ಹೇಳಿದ ಇನ್ನೊಂದು ಮಾತು ನನ್ನ ತಲೆಗೆ ಚೆನ್ನಾಗಿ ಹೋಯಿತು. ವ್ಯಾಪಾರದಲ್ಲಿ ನಿಜವಾದ ಪಾಲು ಇದ್ದರೆ ಲಾಭ ಒಂದು ತಿಂಗಳು ಹೆಚ್ಚು, ಒಂದು ತಿಂಗಳು ಕಡಿಮೆ, ಕೆಲವೊಮ್ಮೆ ನಷ್ಟ. ಅಡಿಕೆ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರತಿ ತಿಂಗಳು ಒಂದೇ ಮೊತ್ತ ಬರುವುದಾದರೆ ಅದು ಲಾಭವಲ್ಲ, ಬಡ್ಡಿ. ಹಾಗೆ ಜನರಿಂದ ಠೇವಣಿ ಪಡೆಯಲು ಯಾರಿಗೆ ಅನುಮತಿ ಉಂಟು, ಯಾರಿಗೆ ಇಲ್ಲ ಎಂಬುದಕ್ಕೆ ಕಾನೂನಿದೆ. ಅನುಮತಿಯಿಲ್ಲದ ಠೇವಣಿ ಯೋಜನೆಗಳನ್ನು ನಿಷೇಧಿಸಿ 2019ರಲ್ಲಿ ಕೇಂದ್ರ ಸರಕಾರ ಪ್ರತ್ಯೇಕ ಕಾಯ್ದೆಯನ್ನೇ ತಂದಿದೆ. ನಮ್ಮ ಕುವೈಟಿನವರಿಗೆ ಬಂದ 84,000 ರೂಪಾಯಿ ಅವರದೇ ಹಣವೋ, ಅವರ ನಂತರ ಸೇರಿದವರ ಹಣವೋ, ದೇವರೇ ಬಲ್ಲ.

ಇದು ಹೊಸ ವಿದ್ಯೆಯಲ್ಲ. 1920ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಇಟಲಿಯಿಂದ ವಲಸೆ ಬಂದ ಚಾರ್ಲ್ಸ್ ಪೊಂಜಿ ಎಂಬವನು 45 ದಿನಗಳಲ್ಲಿ ಶೇಕಡಾ 50 ಲಾಭ ಎಂದು ಹೇಳಿ ಹಣ ಸೇರಿಸಿದ. ಹಿಂದಿನವರಿಗೆ ಕೊಟ್ಟದ್ದು ಮುಂದಿನವರ ಹಣ. ಹಣ ಹಾಕಿದವರಲ್ಲಿ ಅವನ ಹಾಗೆಯೇ ಇಟಲಿಯಿಂದ ಬಂದವರು ಬಹಳ ಮಂದಿ. 'ನಮ್ಮವನು' ಎಂಬ ಒಂದು ಶಬ್ದ ಸಾಕಾಗುತ್ತದೆ, ಅಲ್ಲಿಯೂ ಇಲ್ಲಿಯೂ.

ಹಾಗಾದರೆ ಬ್ಯಾಂಕ್ ಎಂದೂ ಮುಳುಗುವುದಿಲ್ಲವೇ? ಮುಳುಗುತ್ತದೆ. 1960ರಲ್ಲಿ ನಮ್ಮದೇ ರಾಜ್ಯದ ಪಾಲಾ ಸೆಂಟ್ರಲ್ ಬ್ಯಾಂಕ್ ಮುಚ್ಚಿತು. ಸಿರಿಯನ್ ಕ್ರೈಸ್ತರ ಆ ನಾಡಿನ ಎಷ್ಟೋ ಮನೆಗಳ ಉಳಿತಾಯ ಅದರಲ್ಲಿತ್ತು. ಆ ಪೆಟ್ಟಿನ ನಂತರವೇ ಸರಕಾರ ಎಚ್ಚೆತ್ತು, 1962ರ ಜನವರಿ 1ರಿಂದ ಬ್ಯಾಂಕ್ ಠೇವಣಿಗೆ ವಿಮೆ ಬಂತು. ಆಗ ಒಬ್ಬರಿಗೆ ಸಿಗುತ್ತಿದ್ದುದು ಹೆಚ್ಚೆಂದರೆ 1,500 ರೂಪಾಯಿ. 1993ರಲ್ಲಿ 1 ಲಕ್ಷ, 2020ರ ಫೆಬ್ರವರಿ 4ರಿಂದ 5 ಲಕ್ಷ. ಅಸಲು, ಬಡ್ಡಿ ಎರಡೂ ಸೇರಿ, ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಇಷ್ಟು. ಒಂದೇ ಬ್ಯಾಂಕಿನ ಮೂರು ಶಾಖೆಗಳಲ್ಲಿ ಇಟ್ಟರೂ ಲೆಕ್ಕಕ್ಕೆ ಒಂದೇ.

ಇಲ್ಲಿ ನಮ್ಮ ಊರಿನವರು ಗಮನಿಸಬೇಕಾದ ವಿಷಯ ಒಂದುಂಟು. ಪ್ರಾಥಮಿಕ ಕೃಷಿ ಸಹಕಾರ ಸಂಘಗಳು ಹೆಸರಿನಲ್ಲಿ 'ಬ್ಯಾಂಕ್' ಎಂದು ಬರೆದುಕೊಂಡಿದ್ದರೂ ಈ ವಿಮೆ ಅವುಗಳಿಗೆ ಇಲ್ಲ. ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಇದನ್ನು ಬಹಿರಂಗವಾಗಿಯೇ ಹೇಳಿತು. ನಾಳೆಯೇ ಓಡಿಹೋಗಿ ಹಣ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ನಮ್ಮ ರೈತರನ್ನು ಬಡ್ಡಿ ಸಾಹುಕಾರರ ಕೈಯಿಂದ ಬಿಡಿಸಿದವು ಇಂಥ ಸಂಘಗಳೇ, ಚೆನ್ನಾಗಿ ನಡೆಯುವ ಸಂಘಗಳು ಬೇಕಾದಷ್ಟಿವೆ. ಆದರೆ ಮನೆಯ ಇಡೀ ಉಳಿತಾಯವನ್ನು ಅಲ್ಲೊಂದರಲ್ಲೇ ಇಡಬಾರದು. ಮಹಾಸಭೆಗೆ ಹೋಗಿ ಲೆಕ್ಕಪತ್ರ ಕೇಳಿ. ಸದಸ್ಯರಾಗಿದ್ದೂ ಚಹಾ ಕುಡಿದು ಬರುವವರೇ ನಮ್ಮಲ್ಲಿ ಹೆಚ್ಚು.

ಆ ಮಗಳು ಒಂದು ವರ್ಷ ತಡವಾಗಿ, ಬ್ಯಾಂಕಿನ ಶಿಕ್ಷಣ ಸಾಲದಿಂದ ನರ್ಸಿಂಗ್ ಸೇರಿದಳು. ತಂದೆ ಪೋಲಿಸರಿಗೆ ದೂರು ಕೊಟ್ಟಿದ್ದಾರೆ, ಹಣ ಇನ್ನೂ ಬಂದಿಲ್ಲ. ನಾನೀಗ ಉದ್ಘಾಟನೆಗೆ ಕರೆಯುವವರ ಬಳಿ ಮೊದಲು ನೋಂದಣಿ ಪತ್ರ ಕೇಳುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ. ಕಳೆದ ತಿಂಗಳು ಒಬ್ಬರು "ಫಾದರಿಗೆ ನಮ್ಮ ಮೇಲೆ ನಂಬಿಕೆ ಇಲ್ಲ" ಎಂದು ಎದ್ದು ಹೋದರು.

ಯಾರಾದರೂ ಠೇವಣಿ ಕೇಳಿಕೊಂಡು ಬಂದರೆ, ಅವರಿಗೆ ಅನುಮತಿ ಉಂಟೋ ಎಂದು ರಿಸರ್ವ್ ಬ್ಯಾಂಕಿನ 'ಸಚೇತ್' ಎಂಬ ಜಾಲತಾಣದಲ್ಲಿ ನೋಡಬಹುದು, ದೂರನ್ನೂ ಅಲ್ಲಿಯೇ ಕೊಡಬಹುದು. ಮೊಬೈಲು ನೋಡಲು ಬಾರದ ಹಿರಿಯರು ಮಕ್ಕಳ ಹತ್ತಿರ ಹೇಳಿ. ಅದೂ ಆಗದಿದ್ದರೆ ಭಾನುವಾರ ಪೂಜೆ ಮುಗಿದ ಮೇಲೆ ಕಾಗದ ಹಿಡಿದುಕೊಂಡು ನನ್ನ ಜಗಲಿಗೆ ಬನ್ನಿ. ಕಾಗದ ಬರೆದುಕೊಟ್ಟ ಮೇಲೆ ಅಲ್ಲ, ಹಣ ಕೊಡುವ ಮೊದಲು ಬನ್ನಿ.